ಕ್ಯಾನ್ಸರ್ ಕೋಶದೊಳಗೆ ವಿಟಮಿನ್ ಸಿ: ಪೋಷಕಾಂಶವೊಂದು ವಿಷವಾಗುವ ಬಗೆ

ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣು ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಲವು ವರ್ಷಗಳಿಂದ ದಾಟುತ್ತಲೇ ಇವೆ. ಅಂತಹ ಸಂದೇಶದ ಕೊನೆಯಲ್ಲಿ ಯಾವುದೋ ವಿದೇಶಿ ವಿಶ್ವವಿದ್ಯಾಲಯದ ಸಂಶೋಧನೆಯ ಉಲ್ಲೇಖವೂ ಇರುತ್ತದೆ. ವಿಚಿತ್ರವೆಂದರೆ ಆ ಸಂಶೋಧನೆ ಎಷ್ಟೋ ಸಲ ನಿಜವಾದದ್ದೇ ಆಗಿರುತ್ತದೆ; ಆದರೆ ಅದು ಹೇಳುವ ವಿಟಮಿನ್ ಸಿ ಹಣ್ಣಿನಿಂದ ಬಂದದ್ದೂ ಅಲ್ಲ, ಬಾಯಿಯ ಮೂಲಕ ದೇಹವನ್ನು ಸೇರಿದ್ದೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಕ್ಯಾನ್ಸರ್ ಪ್ರಯೋಗಗಳಲ್ಲಿ ರಕ್ತನಾಳಕ್ಕೆ ಡ್ರಿಪ್ ಮೂಲಕ ನೇರವಾಗಿ ಹರಿಸುವ ಪ್ರಮಾಣ ಒಂದು ಸರದಿಗೆ 75 ಗ್ರಾಂ, ಅಂದರೆ 75,000 ಮಿಲಿಗ್ರಾಂ ಇರುವುದುಂಟು. ನೂರು ಗ್ರಾಂ ನೆಲ್ಲಿಕಾಯಿಯಲ್ಲಿ 300 ಮಿಲಿಗ್ರಾಂ ಇದೆಯೆಂದು ಲೆಕ್ಕ ಹಿಡಿದರೂ ಅಷ್ಟು ಪ್ರಮಾಣಕ್ಕೆ 25 ಕಿಲೋ ನೆಲ್ಲಿಕಾಯಿ ಬೇಕು. ಅಷ್ಟನ್ನೂ ತಿನ್ನಬಲ್ಲವರಿದ್ದರೂ ಪ್ರಯೋಜನವಿಲ್ಲ. ಏಕೆಂದರೆ ನಮ್ಮ ಕರುಳು ಅದರಲ್ಲಿ ಅತ್ಯಲ್ಪ ಪಾಲನ್ನು ಮಾತ್ರ ರಕ್ತಕ್ಕೆ ಬಿಟ್ಟುಕೊಡುತ್ತದೆ. ಈ ಎರಡು ಪ್ರಮಾಣಗಳ ನಡುವೆ ಇರುವುದು ಹೆಚ್ಚು ಕಡಿಮೆಯ ಅಂತರವಷ್ಟೇ ಅಲ್ಲ. ಅದೇ ಅಣು ಒಂದು ಮಟ್ಟದಲ್ಲಿ ಪೋಷಕಾಂಶವಾಗಿ, ಇನ್ನೊಂದು ಮಟ್ಟದಲ್ಲಿ ಕೋಶವನ್ನು ಕೊಲ್ಲಬಲ್ಲ ರಾಸಾಯನಿಕವಾಗಿ ವರ್ತಿಸುತ್ತದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಕ್ಯಾನ್ಸರ್ ಕೋಶದ ಚಯಾಪಚಯವನ್ನು, ಅಂದರೆ ಅದು ಸಕ್ಕರೆಯನ್ನು ಒಳಗೆಳೆದುಕೊಂಡು ಶಕ್ತಿಯಾಗಿಯೂ ಕಟ್ಟಡದ ಸಾಮಗ್ರಿಯಾಗಿಯೂ ಬದಲಿಸಿಕೊಳ್ಳುವ ರೀತಿಯನ್ನು, ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ.

ವಿಟಮಿನ್ ಸಿ ಎಂದು ನಾವು ಕರೆಯುವ ಆಸ್ಕಾರ್ಬಿಕ್ ಆಮ್ಲದ ಇಡೀ ಸ್ವಭಾವ ಒಂದೇ ಗುಣದಲ್ಲಿ ಅಡಗಿದೆ: ಅದು ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಒಂದು ಎಲೆಕ್ಟ್ರಾನನ್ನು ಕೊಟ್ಟಾಗ ಅದು, ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನು ಉಳಿದಿರುವ ಅಣುವಾದ, ಆಸ್ಕಾರ್ಬಿಲ್ ರ್‍ಯಾಡಿಕಲ್ ಆಗುತ್ತದೆ. ಎರಡನ್ನೂ ಕಳೆದುಕೊಂಡಾಗ ಡಿಹೈಡ್ರೋಆಸ್ಕಾರ್ಬಿಕ್ ಆಮ್ಲ ಎಂಬ ಉತ್ಕರ್ಷಿತ ರೂಪವನ್ನು ತಾಳುತ್ತದೆ. ಈ ಎರಡನೆಯ ಹೆಸರು ಉದ್ದವಾದ್ದರಿಂದ ಮುಂದೆ ಅದನ್ನು ಡಿಎಚ್‌ಎ ಎಂದು ಬರೆಯುತ್ತೇನೆ. ಮೀನೆಣ್ಣೆಯಲ್ಲಿರುವ ಅದೇ ಹೆಸರಿನ ಕೊಬ್ಬಿನಾಮ್ಲಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಎಲೆಕ್ಟ್ರಾನು ಕೊಡುವ ಈ ಗುಣದಿಂದಲೇ ವಿಟಮಿನ್ ಸಿಗೆ ಆಂಟಿಆಕ್ಸಿಡೆಂಟ್ ಎಂಬ ಖ್ಯಾತಿ ಬಂದಿದೆ. ಆದರೆ ಕೊಡುವ ಅಣು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಅದನ್ನು ಪಡೆಯುವ ಅಣು. ಹಾನಿಕರವಾದ ರ್‍ಯಾಡಿಕಲ್ ಒಂದಕ್ಕೆ ಎಲೆಕ್ಟ್ರಾನು ಸಿಕ್ಕರೆ ಅದು ತಣ್ಣಗಾಗುತ್ತದೆ. ಅದೇ ಎಲೆಕ್ಟ್ರಾನು ಕಬ್ಬಿಣದ ಅಯಾನಿಗೆ ಸಿಕ್ಕರೆ, ಆ ಕಬ್ಬಿಣ ಅದನ್ನು ಆಮ್ಲಜನಕಕ್ಕೆ ದಾಟಿಸುತ್ತದೆ. ಅಲ್ಲಿಂದ ಮೊದಲು ಸೂಪರಾಕ್ಸೈಡ್, ನಂತರ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತವೆ. ಹೀಗಾಗಿ ಆಂಟಿಆಕ್ಸಿಡೆಂಟ್ ಎಂಬುದು ವಿಟಮಿನ್ ಸಿಯ ಹುಟ್ಟುಗುಣವಲ್ಲ, ಸಂದರ್ಭಕ್ಕೆ ತಕ್ಕಂತೆ ಅದು ನಿರ್ವಹಿಸುವ ಒಂದು ಪಾತ್ರ ಎಂದು ತಿಳಿಯುವುದು ಹೆಚ್ಚು ಸರಿ.

ಈ ಅಣುವಿನ ಇನ್ನೊಂದು ವಿಶೇಷ ಮುಂದಿನ ಕಥೆಗೆ ಮುಖ್ಯವಾದುದು. ರಚನೆಯಲ್ಲಿ ಅದು ಗ್ಲೂಕೋಸಿಗೆ ಬಹಳ ಹತ್ತಿರದ್ದು. ಹೆಚ್ಚಿನ ಸಸ್ತನಿಗಳು ತಮ್ಮ ಯಕೃತ್ತಿನಲ್ಲಿ ಗ್ಲೂಕೋಸಿನಿಂದಲೇ ಅದನ್ನು ತಯಾರಿಸಿಕೊಳ್ಳುತ್ತವೆ. ಆ ತಯಾರಿಕೆಯ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ಜೀನ್ ಮನುಷ್ಯರಲ್ಲಿ, ಕೋತಿಗಳಲ್ಲಿ, ಗಿನಿಯಿಲಿಗಳಲ್ಲಿ ಮತ್ತು ಹಲವು ಬಾವಲಿಗಳಲ್ಲಿ ಕೆಟ್ಟುಹೋಗಿದೆ. ಆದ್ದರಿಂದ ನಮಗೆ ಆಹಾರವೇ ಗತಿ.

ಕ್ಯಾನ್ಸರಿಗೆ ವಿಟಮಿನ್ ಸಿ ಕೊಡುವ ವಿಚಾರ ಜಗತ್ತಿನಾದ್ಯಂತ ಸುದ್ದಿಯಾದದ್ದು 1976ರಲ್ಲಿ. ಸ್ಕಾಟ್ಲೆಂಡಿನ ವೇಲ್ ಆಫ್ ಲೀವನ್ ಆಸ್ಪತ್ರೆಯ ಶಸ್ತ್ರವೈದ್ಯ ಯುವನ್ ಕ್ಯಾಮರಾನ್ ಮತ್ತು ಎರಡು ನೊಬೆಲ್ ಪ್ರಶಸ್ತಿಗಳನ್ನು ಪಡೆದಿದ್ದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಸೇರಿ, ಕೊನೆಯ ಹಂತದ 100 ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಅದೇ ಆಸ್ಪತ್ರೆಯ ದಾಖಲೆಗಳಿಂದ ಆರಿಸಿದ 1000 ರೋಗಿಗಳಿಗೆ ಹೋಲಿಸಿದಾಗ ಇವರು ಸರಾಸರಿ ನಾಲ್ಕು ಪಟ್ಟಿಗೂ ಹೆಚ್ಚು ಕಾಲ ಬದುಕಿದರು ಎಂಬುದು ಅವರ ವಾದವಾಗಿತ್ತು. ಹಳೆಯ ಕಡತಗಳಿಂದ ಹೋಲಿಕೆಯ ಗುಂಪನ್ನು ಆರಿಸುವುದು ಬಹಳ ದುರ್ಬಲವಾದ ವಿಧಾನ; ಯಾರನ್ನು ಯಾವ ದಿನದಿಂದ ಕೊನೆಯ ಹಂತದವರೆಂದು ಎಣಿಸಿದರು ಎಂಬುದರ ಮೇಲೆಯೇ ಫಲಿತಾಂಶ ತಿರುಗಿಬಿಡಬಹುದು. ಆದ್ದರಿಂದ ಅಮೆರಿಕದ ಮೇಯೋ ಕ್ಲಿನಿಕ್ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿತು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಮಾತ್ರೆಯನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮಾತ್ರೆಯನ್ನೂ ಕೊಟ್ಟ ಅವರ ಎರಡು ಅಧ್ಯಯನಗಳು 1979ರಲ್ಲಿ ಮತ್ತು 1985ರಲ್ಲಿ ಪ್ರಕಟವಾದವು. ಎರಡರಲ್ಲೂ ಯಾವ ಪ್ರಯೋಜನವೂ ಕಾಣಲಿಲ್ಲ. ವಿಷಯ ಅಲ್ಲಿಗೆ ಮುಗಿಯಿತೆಂದೇ ವೈದ್ಯಲೋಕ ಭಾವಿಸಿತು.

ಒಂದು ವ್ಯತ್ಯಾಸವನ್ನು ಆಗ ಯಾರೂ ಗಂಭೀರವಾಗಿ ಪರಿಗಣಿಸಿರಲಿಲ್ಲ. ಕ್ಯಾಮರಾನ್ ಮೊದಲ ಸುಮಾರು ಹತ್ತು ದಿನ ವಿಟಮಿನ್ ಸಿಯನ್ನು ರಕ್ತನಾಳದ ಮೂಲಕ ಕೊಟ್ಟು ಆಮೇಲೆ ಬಾಯಿಯ ಮೂಲಕ ಕೊಡುತ್ತಿದ್ದರು. ಮೇಯೋ ಕ್ಲಿನಿಕ್ ಕೊಟ್ಟದ್ದು ಬಾಯಿಯ ಮೂಲಕ ಮಾತ್ರ. ಈ ಅಂತರದ ತೂಕ ಗೊತ್ತಾದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಾರ್ಕ್ ಲೆವೀನ್ ಅವರ ತಂಡ ಆರೋಗ್ಯವಂತ ಸ್ವಯಂಸೇವಕರ ರಕ್ತದಲ್ಲಿ ವಿಟಮಿನ್ ಸಿಯ ಮಟ್ಟವನ್ನು ಅಳೆದಾಗ. ಒಂದು ಸಲಕ್ಕೆ 200 ಮಿಲಿಗ್ರಾಂ ನುಂಗಿದರೆ ಬಹುತೇಕ ಎಲ್ಲವೂ ರಕ್ತವನ್ನು ಸೇರುತ್ತದೆ. 1250 ಮಿಲಿಗ್ರಾಂ ನುಂಗಿದರೆ ಅರ್ಧವೂ ಸೇರುವುದಿಲ್ಲ. ಕರುಳಿನ ಗೋಡೆಯಲ್ಲಿ ವಿಟಮಿನ್ ಸಿಯನ್ನು ಒಳಗೆ ಸಾಗಿಸುವ ಪ್ರೋಟೀನುಗಳ ಸಾಮರ್ಥ್ಯಕ್ಕೆ ಮಿತಿಯಿದೆ, ಹೆಚ್ಚಾದದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಚೆನ್ನಾಗಿ ಹಣ್ಣು ತರಕಾರಿ ತಿನ್ನುವವರ ರಕ್ತದಲ್ಲಿ ಅದರ ಸಾಂದ್ರತೆ 50ರಿಂದ 80 ಮೈಕ್ರೋಮೋಲಾರ್ ಇರುತ್ತದೆ. 2004ರಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, ಹೊಟ್ಟೆ ತಡೆದುಕೊಳ್ಳುವಷ್ಟು ಗರಿಷ್ಠ ಪ್ರಮಾಣವನ್ನು, ಅಂದರೆ ನಾಲ್ಕು ಗಂಟೆಗೊಮ್ಮೆ 3 ಗ್ರಾಂನಂತೆ, ನುಂಗುತ್ತಲೇ ಇದ್ದರೂ ಅದು ಸುಮಾರು 220ನ್ನು ದಾಟುವುದಿಲ್ಲ. 50 ಗ್ರಾಂ ಡ್ರಿಪ್ ಕೊಟ್ಟರೆ ಮಾತ್ರ 13,000ವನ್ನೂ ಮೀರುತ್ತದೆ. ಕರುಳೆಂಬ ಕಾವಲನ್ನು ತಪ್ಪಿಸಿದಾಗ ಮಾತ್ರ ಸಿಗುವ ಈ ಮಟ್ಟದಲ್ಲಿ ವಿಟಮಿನ್ ಸಿಯನ್ನು ಪರೀಕ್ಷೆ ಮಾಡಿಯೇ ಇರಲಿಲ್ಲ ಎಂಬುದು ಹಳೆಯ ವಿವಾದಕ್ಕೆ ಸಿಕ್ಕ ಹೊಸ ಉತ್ತರ. ಇದರಿಂದ ಪೌಲಿಂಗ್ ಅವರ ವಾದ ಸರಿಯೆಂದಾಗಲಿಲ್ಲ. ಪ್ರಶ್ನೆಯನ್ನು ಮತ್ತೆ ಕೇಳಬಹುದು ಎಂದಷ್ಟೇ ಆಯಿತು.

ಇನ್ನು ಕ್ಯಾನ್ಸರ್ ಕೋಶದ ಕಡೆಗೆ ಬರೋಣ. ಜರ್ಮನಿಯ ಜೀವರಸಾಯನ ವಿಜ್ಞಾನಿ ಓಟ್ಟೋ ವಾರ್ಬರ್ಗ್ 1920ರ ದಶಕದಲ್ಲಿ ಗಮನಿಸಿದ ಸಂಗತಿಯೊಂದು ಇಂದಿಗೂ ಈ ಕ್ಷೇತ್ರದ ಬುನಾದಿಯಾಗಿ ಉಳಿದಿದೆ. ಸಾಮಾನ್ಯ ಕೋಶಗಳು ಆಮ್ಲಜನಕ ದೊರೆತಾಗ ಗ್ಲೂಕೋಸನ್ನು ಮೈಟೊಕಾಂಡ್ರಿಯಗಳಲ್ಲಿ ಪೂರ್ತಿ ಉರಿಸಿ ಒಂದು ಅಣುವಿನಿಂದ ಮೂವತ್ತರ ಆಸುಪಾಸಿನಷ್ಟು ಎಟಿಪಿ ಅಣುಗಳನ್ನು, ಅಂದರೆ ಕೋಶದ ಶಕ್ತಿಯ ನಾಣ್ಯಗಳನ್ನು, ಪಡೆಯುತ್ತವೆ. ಅನೇಕ ಕ್ಯಾನ್ಸರ್ ಕೋಶಗಳು ಆಮ್ಲಜನಕವಿದ್ದರೂ ಗ್ಲೂಕೋಸನ್ನು ಗ್ಲೈಕಾಲಿಸಿಸ್ ಎಂಬ ಮೊದಲ ಹಂತದವರೆಗೆ ಮಾತ್ರ ಒಡೆದು ಲ್ಯಾಕ್ಟೇಟ್ ಆಗಿ ಹೊರಗೆ ಚೆಲ್ಲುತ್ತವೆ. ಆಗ ಸಿಗುವುದು ಎರಡೇ ಎಟಿಪಿ. ಈ ದುಂದುಗಾರಿಕೆಗೆ ಒಂದು ತರ್ಕವಿದೆ. ಬೇಗಬೇಗ ವಿಭಜನೆಗೊಳ್ಳುವ ಕೋಶಕ್ಕೆ ಶಕ್ತಿಯ ಜೊತೆಗೆ ಡಿಎನ್‌ಎ, ಕೊಬ್ಬು, ಪ್ರೋಟೀನುಗಳ ಕಚ್ಚಾ ಸಾಮಗ್ರಿಯೂ ಬೇಕು. ಅರೆ ಒಡೆದ ಗ್ಲೂಕೋಸಿನ ತುಣುಕುಗಳು ಆ ಕೆಲಸಕ್ಕೆ ಒದಗುತ್ತವೆ. ಆದರೆ ಹೀಗೆ ಬದುಕಬೇಕಾದರೆ ಸಕ್ಕರೆಯನ್ನು ಬಹಳ ಹೆಚ್ಚು ಒಳಗೆಳೆದುಕೊಳ್ಳಬೇಕು. ಅದಕ್ಕಾಗಿ ಈ ಕೋಶಗಳು ತಮ್ಮ ಹೊರಪೊರೆಯಲ್ಲಿ ಗ್ಲೂಟ್-1 ಎಂಬ ಗ್ಲೂಕೋಸ್ ಸಾಗಣೆಯ ಪ್ರೋಟೀನನ್ನು ದಟ್ಟವಾಗಿ ನೆಟ್ಟುಕೊಂಡಿರುತ್ತವೆ. ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು ಮಾಡುವ ಪೆಟ್ ಸ್ಕ್ಯಾನ್ ನಿಂತಿರುವುದೂ ಈ ಹಸಿವಿನ ಮೇಲೆಯೇ. ವಿಕಿರಣ ಗುರುತು ಹಾಕಿದ ಗ್ಲೂಕೋಸಿನಂಥ ವಸ್ತುವನ್ನು ಗಡ್ಡೆ ಹೆಚ್ಚು ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಕೆಆರ್‌ಎಎಸ್ ಮತ್ತು ಬಿಆರ್‌ಎಎಫ್ ಎಂಬ ಜೀನುಗಳಲ್ಲಿ ಮ್ಯುಟೇಷನ್ ಆದ ಕೋಶಗಳಲ್ಲಿ ಗ್ಲೂಟ್-1ರ ಈ ಏರಿಕೆ ಎದ್ದು ಕಾಣುತ್ತದೆ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇವೆರಡರಲ್ಲಿ ಒಂದು ಮ್ಯುಟೇಷನ್ ಇರುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಂತೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಕೆಆರ್‌ಎಎಸ್ ಕೆಟ್ಟಿರುತ್ತದೆ.

ಗ್ಲೂಟ್-1ಕ್ಕೆ ಆಸ್ಕಾರ್ಬಿಕ್ ಆಮ್ಲ ಬೇಡ. ಆದರೆ ಅದರ ಉತ್ಕರ್ಷಿತ ರೂಪವಾದ ಡಿಎಚ್‌ಎಯನ್ನು ಅದು ಗ್ಲೂಕೋಸಿನಂತೆಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಇದು 1993ರಲ್ಲೇ ತಿಳಿದಿದ್ದ ಸಂಗತಿ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಸಂಸ್ಥೆಯಲ್ಲಿ ಲೂಯಿಸ್ ಕ್ಯಾಂಟ್ಲಿ ಅವರ ಪ್ರಯೋಗಾಲಯದ ಜಿಹ್ಯೆ ಯುನ್ ಮತ್ತು ಸಂಗಡಿಗರು ಇದರಿಂದ ಮುಂದೆ ಏನಾಗುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿದರು. ಈ ಅಧ್ಯಯನದ ಸೊಗಸಿರುವುದು ಅದರ ವಿವರಗಳಲ್ಲಿ. ಆದ್ದರಿಂದ ಇಲ್ಲಿ ನಿಧಾನವಾಗಿ ನಡೆಯುವುದು ಒಳ್ಳೆಯದು.

ಕೋಶದ ಒಳಗೆ ಬಂದ ಡಿಎಚ್‌ಎ ಹಾಗೆಯೇ ಉಳಿಯುವುದಿಲ್ಲ. ಅದನ್ನು ಕೋಶ ಮತ್ತೆ ವಿಟಮಿನ್ ಸಿ ಆಗಿ ಪರಿವರ್ತಿಸುತ್ತದೆ. ಅದಕ್ಕೆ ಬೇಕಾದ ಎಲೆಕ್ಟ್ರಾನುಗಳನ್ನು ಗ್ಲುಟಾಥಯೋನ್ ಎಂಬ ಪುಟ್ಟ ಅಣು ಕೊಡಬೇಕಾಗುತ್ತದೆ. ಗ್ಲುಟಾಥಯೋನ್ ಕೋಶದ ಮುಖ್ಯ ರಕ್ಷಕ. ದಿನನಿತ್ಯ ಹುಟ್ಟುವ ಪೆರಾಕ್ಸೈಡುಗಳನ್ನು ನಿರ್ವಿಷಗೊಳಿಸುವುದು ಅದರ ಕೆಲಸ. ಖರ್ಚಾದ ಗ್ಲುಟಾಥಯೋನನ್ನು ಮರಳಿ ತುಂಬಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು ಬೇಕು. ಅದು ಹುಟ್ಟುವುದು ಗ್ಲೂಕೋಸಿನ ಒಂದು ಪಾಲು ಪೆಂಟೋಸ್ ಫಾಸ್ಫೇಟ್ ಎಂಬ ಪಕ್ಕದ ದಾರಿಯಲ್ಲಿ ಸಾಗಿದಾಗ. ಡಿಎಚ್‌ಎ ಅಲ್ಪ ಪ್ರಮಾಣದಲ್ಲಿ ಬಂದರೆ ಇವೆಲ್ಲ ಸುಸೂತ್ರವಾಗಿ ನಡೆಯುತ್ತವೆ. ಆದರೆ ಗ್ಲೂಟ್-1 ತುಂಬಿರುವ ಕೋಶದ ಸುತ್ತ ವಿಟಮಿನ್ ಸಿ ಉತ್ಕರ್ಷಣೆಗೊಂಡು ಡಿಎಚ್‌ಎ ಯಥೇಚ್ಛವಾಗಿದ್ದಾಗ ಒಳಹರಿವು ಎಷ್ಟಿರುತ್ತದೆಂದರೆ ಗ್ಲುಟಾಥಯೋನ್ ಬರಿದಾಗುತ್ತದೆ, ಅದನ್ನು ತುಂಬಿಸುವ ಯಂತ್ರಾಂಗಕ್ಕೆ ಆ ವೇಗವನ್ನು ಸರಿಗಟ್ಟಲಾಗುವುದಿಲ್ಲ, ಆಗ ಪೆರಾಕ್ಸೈಡುಗಳ ಮಟ್ಟ ಏರುತ್ತದೆ.

ಏರಿದ ಪೆರಾಕ್ಸೈಡುಗಳ ಏಟು ಬೀಳುವ ಕಿಣ್ವಗಳಲ್ಲಿ ಒಂದರ ಹೆಸರು ಜಿಎಪಿಡಿಎಚ್. ಗ್ಲೈಕಾಲಿಸಿಸಿನ ಹತ್ತು ಹಂತಗಳಲ್ಲಿ ಆರನೆಯದನ್ನು ನಡೆಸುವ ಈ ಕಿಣ್ವದ ಕ್ರಿಯಾಕೇಂದ್ರದಲ್ಲಿ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ. ಆ ಗಂಧಕ ಉತ್ಕರ್ಷಣೆಗೆ ಬಹಳ ಬೇಗ ಸಿಲುಕುತ್ತದೆ, ಸಿಲುಕಿದರೆ ಕಿಣ್ವ ನಿಲ್ಲುತ್ತದೆ. ಇದರ ಜೊತೆಗೆ ಇನ್ನೊಂದು ನಷ್ಟವೂ ಆಗುತ್ತದೆ. ಪೆರಾಕ್ಸೈಡುಗಳಿಂದ ಡಿಎನ್‌ಎಗೆ ಗಾಯವಾದಾಗ ಅದನ್ನು ಸರಿಪಡಿಸಲು ಪಾರ್ಪ್ ಎಂಬ ಕಿಣ್ವ ಎಚ್ಚರಗೊಂಡು ಎನ್‌ಎಡಿ ಅಣುಗಳನ್ನು ಯದ್ವಾತದ್ವಾ ಬಳಸತೊಡಗುತ್ತದೆ. ಜಿಎಪಿಡಿಎಚ್ ಕೆಲಸ ಮಾಡಲು ಬೇಕಾದದ್ದೂ ಅದೇ ಎನ್‌ಎಡಿ. ಹೀಗೆ ಕಿಣ್ವವೂ ಕೆಟ್ಟು, ಅದರ ಸಹಾಯಕ ಅಣುವೂ ಖಾಲಿಯಾದ ಮೇಲೆ, ನಾಲೆಯ ತೂಬನ್ನು ಮುಚ್ಚಿದಾಗ ಮೇಲ್ಗಡೆ ನೀರು ನಿಂತು ಕೆಳಗಿನ ಗದ್ದೆ ಒಣಗುವಂತೆ, ಆರನೆಯ ಹಂತಕ್ಕಿಂತ ಮೊದಲಿನ ಸಕ್ಕರೆಯ ತುಣುಕುಗಳು ಕೋಶದಲ್ಲಿ ಒಟ್ಟುಗೂಡಿ ನಂತರದವು ಕಾಣೆಯಾಗುತ್ತವೆ. ಯುನ್ ಅವರ ತಂಡ ಕೋಶದೊಳಗಿನ ಅಣುಗಳನ್ನು ಅಳೆದಾಗ ಕಂಡದ್ದು ಇಂತಹ ಚಿತ್ರವನ್ನೇ. ಎಟಿಪಿ ಹುಟ್ಟುವುದು ಆರನೆಯ ಹಂತದ ನಂತರವಾದ್ದರಿಂದ, ಗ್ಲೈಕಾಲಿಸಿಸನ್ನೇ ನೆಚ್ಚಿಕೊಂಡ ಕೋಶಕ್ಕೆ ಶಕ್ತಿಯ ಬರ ತಟ್ಟಿ ಅದು ಸಾಯುತ್ತದೆ. ಕೆಆರ್‌ಎಎಸ್ ಅಥವಾ ಬಿಆರ್‌ಎಎಫ್ ಕೆಟ್ಟ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು ಸತ್ತವು; ಅದೇ ವಂಶದ, ಆದರೆ ಮ್ಯುಟೇಷನ್ ಇಲ್ಲದ ಕೋಶಗಳು ಅಷ್ಟಾಗಿ ಸಾಯಲಿಲ್ಲ. ಕೋಶಗಳಿಗೆ ಮೊದಲೇ ಗ್ಲುಟಾಥಯೋನಿನ ಪೂರೈಕೆ ಹೆಚ್ಚಿಸುವ ಎನ್-ಅಸಿಟೈಲ್ ಸಿಸ್ಟೀನ್ ಕೊಟ್ಟಾಗ ಅವು ಉಳಿದುಕೊಂಡವು. ಕೆಆರ್‌ಎಎಸ್ ಮ್ಯುಟೇಷನ್ ಇರುವಂತೆ ಬೆಳೆಸಿದ ಇಲಿಗಳಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಚುಚ್ಚಿದಾಗ ಕರುಳಿನ ಗಡ್ಡೆಗಳು ಕಡಿಮೆಯಾದವು. ಕ್ಯಾನ್ಸರ್ ಕೋಶ ತನ್ನ ಬೆಳವಣಿಗೆಗಾಗಿ ರೂಢಿಸಿಕೊಂಡ ಸಕ್ಕರೆಯ ದಾಹವೇ ಅದನ್ನು ಅಪಾಯಕ್ಕೆ ಒಡ್ಡುತ್ತದೆ ಎಂಬುದು ಈ ಕೆಲಸದ ತಿರುಳು.

ಎಲ್ಲ ವಿಜ್ಞಾನಿಗಳೂ ಇದೇ ದಾರಿಯನ್ನು ಒಪ್ಪುವುದಿಲ್ಲ. ಲೆವೀನ್ ಅವರ ತಂಡ 2005ರಲ್ಲಿ ಮುಂದಿಟ್ಟ ವಿವರಣೆಯಲ್ಲಿ ಮುಖ್ಯ ಪಾತ್ರಧಾರಿ ಡಿಎಚ್‌ಎ ಅಲ್ಲ, ಕೋಶದ ಹೊರಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್. ಅವರು ಒಂದೇ ಒಂದು ಗಂಟೆ ವಿಟಮಿನ್ ಸಿಯ ದ್ರಾವಣದಲ್ಲಿಟ್ಟ ಹಲವು ಬಗೆಯ ಕ್ಯಾನ್ಸರ್ ಕೋಶಗಳ ಅರ್ಧದಷ್ಟು ಭಾಗ 4 ಮಿಲಿಮೋಲಾರಿಗಿಂತ, ಅಂದರೆ 4,000 ಮೈಕ್ರೋಮೋಲಾರಿಗಿಂತ, ಕಡಿಮೆ ಸಾಂದ್ರತೆಯಲ್ಲೇ ನಾಶವಾದರೆ, ಸಾಮಾನ್ಯ ಕೋಶಗಳು 20 ಮಿಲಿಮೋಲಾರಿನಲ್ಲೂ ಉಳಿದವು. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವವನ್ನು ಹೊರಗಿನ ದ್ರಾವಣಕ್ಕೆ ಸೇರಿಸಿದಾಗ ಕ್ಯಾನ್ಸರ್ ಕೋಶಗಳಿಗೂ ರಕ್ಷಣೆ ಸಿಕ್ಕಿತು. ರಕ್ತದಲ್ಲಿ ಈ ಪೆರಾಕ್ಸೈಡ್ ಉಳಿಯುವುದಿಲ್ಲ, ಕೆಂಪು ರಕ್ತಕಣಗಳು ಅದನ್ನು ಕ್ಷಣದಲ್ಲಿ ಒಡೆದುಹಾಕುತ್ತವೆ. ಆದರೆ ಕೋಶಗಳ ನಡುವಿನ ದ್ರವದಲ್ಲಿ ಅದು ಶೇಖರವಾಗುತ್ತದೆ ಎಂಬುದನ್ನು ಅವರು ಇಲಿಗಳಲ್ಲಿ ಅಳೆದು ತೋರಿಸಿದರು. ಈ ನೋಟದಲ್ಲಿ ವಿಟಮಿನ್ ಸಿ ಔಷಧವೇ ಅಲ್ಲ, ಪೆರಾಕ್ಸೈಡನ್ನು ಗಡ್ಡೆಯವರೆಗೆ ತಲುಪಿಸುವ ವಾಹಕ ಮಾತ್ರ.

ಇದಕ್ಕೆ ಅಯೋವಾ ವಿಶ್ವವಿದ್ಯಾಲಯದ ತಂಡ ಕಬ್ಬಿಣದ ವಿಚಾರವನ್ನು ಸೇರಿಸಿತು. ಶ್ವಾಸಕೋಶ ಮತ್ತು ಮೆದುಳಿನ ಕ್ಯಾನ್ಸರ್ ಕೋಶಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಯಾವ ಪ್ರೋಟೀನಿಗೂ ಗಟ್ಟಿಯಾಗಿ ಅಂಟಿಕೊಳ್ಳದೆ ಸಡಿಲವಾಗಿ ಓಡಾಡುವ ಕಬ್ಬಿಣ ಈ ಕೋಶಗಳಲ್ಲಿ ಹೆಚ್ಚು. ಅಂತಹ ಕಬ್ಬಿಣ ಪೆರಾಕ್ಸೈಡನ್ನು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗಿ ಬದಲಿಸುತ್ತದೆ; ಫೆಂಟನ್ ಕ್ರಿಯೆಯೆಂದು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ಕ್ರಿಯೆಯಿಂದ ಹುಟ್ಟುವ ರ್‍ಯಾಡಿಕಲ್ ಡಿಎನ್‌ಎಯನ್ನು ಬಿಡದೆ ಸುಡುತ್ತದೆ. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಟಲೇಸ್ ಕಡಿಮೆಯಿರುವುದರಿಂದ ಪೆರಾಕ್ಸೈಡನ್ನು ತೊಲಗಿಸುವ ಶಕ್ತಿಯೂ ಅವಕ್ಕೆ ಕಡಿಮೆ. ನನ್ನ ದೃಷ್ಟಿಯಲ್ಲಿ ಈ ಎರಡು ವಿವರಣೆಗಳು ಎದುರಾಳಿಗಳಲ್ಲ. ಹೊರಗೆ ಪೆರಾಕ್ಸೈಡ್ ಹುಟ್ಟಬೇಕಾದರೆ ವಿಟಮಿನ್ ಸಿ ಉತ್ಕರ್ಷಣೆಗೊಂಡಿರಬೇಕು. ಉತ್ಕರ್ಷಣೆಗೊಂಡರೆ ಡಿಎಚ್‌ಎಯೂ ಹುಟ್ಟಿರಲೇಬೇಕು. ಎರಡೂ ದಾರಿಗಳು ಗ್ಲುಟಾಥಯೋನ್, ಎನ್‌ಎಡಿ, ಎಟಿಪಿಗಳ ಕೊರತೆಯಲ್ಲಿಯೇ ಒಂದಾಗುತ್ತವೆ. ಯಾವ ಗಡ್ಡೆಯಲ್ಲಿ ಯಾವುದರ ಪಾಲು ಹೆಚ್ಚು ಎಂಬುದು ಮಾತ್ರ ಬೇರೆಬೇರೆಯಾಗಿರಬಹುದು.

ಆದರೂ ಗಾಜಿನ ತಟ್ಟೆಯಲ್ಲಿ ಕಂಡದ್ದನ್ನು ಮನುಷ್ಯ ದೇಹಕ್ಕೆ ಹೊಂದಿಸುವಾಗ ಹಲವು ಕಡೆ ಎಡವುವ ಸಾಧ್ಯತೆಯಿದೆ. ಕೋಶ ಬೆಳೆಸುವ ದ್ರಾವಣದಲ್ಲಿ ಕಬ್ಬಿಣ, ತಾಮ್ರಗಳ ಅಂಶ ಇರುತ್ತದೆ. ಅದರ ಮೇಲಿನ ಗಾಳಿಯಲ್ಲಿ ಆಮ್ಲಜನಕ ದೇಹದ ಯಾವ ಅಂಗಾಂಶದಲ್ಲಿರುವುದಕ್ಕಿಂತಲೂ ಹೆಚ್ಚು. ಇವೆರಡೂ ವಿಟಮಿನ್ ಸಿಯ ಉತ್ಕರ್ಷಣೆಯನ್ನು ಕೃತಕವಾಗಿ ಹೆಚ್ಚಿಸುತ್ತವೆ. ನಿಜವಾದ ಗಡ್ಡೆಯ ನಡುಭಾಗಕ್ಕೆ ಆಮ್ಲಜನಕ ಸರಿಯಾಗಿ ತಲುಪುವುದೇ ಇಲ್ಲ. ಇಲಿಗಳು ತಮ್ಮ ವಿಟಮಿನ್ ಸಿಯನ್ನು ತಾವೇ ತಯಾರಿಸಿಕೊಳ್ಳುವುದರಿಂದ ಅವುಗಳ ದೇಹ ಅದನ್ನು ನಿಭಾಯಿಸುವ ರೀತಿಯೂ ನಮ್ಮಂತಲ್ಲ. ಮೇಲಾಗಿ, ಡ್ರಿಪ್ ನಿಂತ ಕೂಡಲೇ ಮೂತ್ರಪಿಂಡಗಳು ವಿಟಮಿನ್ ಸಿಯನ್ನು ಹೊರಗೆ ಹಾಕತೊಡಗುತ್ತವೆ. ಕೆಲವೇ ಗಂಟೆಗಳಲ್ಲಿ ರಕ್ತದ ಮಟ್ಟ ಇಳಿದುಹೋಗುತ್ತದೆ. ಇದೇ ಕಾರಣದಿಂದ ಪ್ರಯೋಗಗಳಲ್ಲಿ ವಾರಕ್ಕೆ ಹಲವು ಸಲ ಡ್ರಿಪ್ ಕೊಡಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ವಿಷದ ಮಟ್ಟದ ವಿಟಮಿನ್ ಸಿಯ ಬಗ್ಗೆ. ಊಟದಲ್ಲಿ ಸಿಗುವ ಮಟ್ಟದಲ್ಲೂ ಅದಕ್ಕೆ ಕ್ಯಾನ್ಸರಿನೊಂದಿಗೆ ಬೇರೊಂದು ಬಗೆಯ ಸಂಬಂಧವಿದೆ. ಕೋಶದಲ್ಲಿ ಕಬ್ಬಿಣವನ್ನು ಕ್ರಿಯಾಕೇಂದ್ರದಲ್ಲಿಟ್ಟುಕೊಂಡು ಕೆಲಸ ಮಾಡುವ ಕಿಣ್ವಗಳ ದೊಡ್ಡ ಬಳಗವೊಂದಿದೆ. ಆ ಕಬ್ಬಿಣವನ್ನು ಕೆಲಸಕ್ಕೆ ಯೋಗ್ಯವಾದ ಸ್ಥಿತಿಯಲ್ಲಿ ಇಡುವುದು ವಿಟಮಿನ್ ಸಿ. ಚರ್ಮ, ಒಸಡುಗಳ ಕೊಲ್ಲಾಜೆನನ್ನು ಗಟ್ಟಿಗೊಳಿಸುವ ಕಿಣ್ವ ಈ ಬಳಗದ್ದೇ. ಆದ್ದರಿಂದಲೇ ಕೊರತೆಯಾದಾಗ ಸ್ಕರ್ವಿ ಬಂದು ಒಸಡಿನಲ್ಲಿ ರಕ್ತ ಒಸರುತ್ತದೆ. ಆಮ್ಲಜನಕದ ಕೊರತೆಗೆ ಕೋಶ ಸ್ಪಂದಿಸುವಂತೆ ಮಾಡುವ ಎಚ್‌ಐಎಫ್ ಎಂಬ ಪ್ರೋಟೀನನ್ನು ಹದ್ದಿನಲ್ಲಿಡುವ ಕಿಣ್ವವೂ ಇದೇ ಬಳಗದ್ದು. ಎಚ್‌ಐಎಫ್ ಉಳಿದುಕೊಂಡರೆ ಅದು ಗ್ಲೂಟ್-1ನ್ನೂ ಗ್ಲೈಕಾಲಿಸಿಸಿನ ಕಿಣ್ವಗಳನ್ನೂ ಹೆಚ್ಚಿಸಿ ವಾರ್ಬರ್ಗ್ ಕಂಡ ಆ ಸಕ್ಕರೆಯ ದಾಹಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ; ವಿಟಮಿನ್ ಸಿ ಸಾಕಷ್ಟಿದ್ದರೆ ಆ ಪ್ರೋಟೀನು ಒಡೆದುಹೋಗಲು ಅನುಕೂಲವಾಗುತ್ತದೆ. ಮೂರನೆಯದು ಟೆಟ್-2. ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳನ್ನು ತೆಗೆಯಲು ನೆರವಾಗಿ ಅಸ್ಥಿಮಜ್ಜೆಯ ಕಾಂಡಕೋಶಗಳು ಸರಿಯಾಗಿ ಪಕ್ವವಾಗುವಂತೆ ನೋಡಿಕೊಳ್ಳುವ ಈ ಕಿಣ್ವದ ಜೀನ್ ಹಲವು ರಕ್ತದ ಕ್ಯಾನ್ಸರುಗಳಲ್ಲಿ ಕೆಟ್ಟಿರುತ್ತದೆ. ವಿಟಮಿನ್ ಸಿ ತಯಾರಿಸಲಾಗದಂತೆ ಮಾಡಿದ ಇಲಿಗಳಲ್ಲಿ ಕೊರತೆ ಉಂಟಾದಾಗ ಟೆಟ್-2ರ ಕೆಲಸ ಕುಂದಿ ರಕ್ತದ ಕ್ಯಾನ್ಸರ್ ಬೇಗ ಬೆಳೆಯಿತು ಎಂದು 2017ರ ಅಧ್ಯಯನ ತೋರಿಸಿತು. ಇಲ್ಲಿ ಬೇಕಾಗಿರುವುದು ಕೊರತೆಯಾಗದಂತೆ ನೋಡಿಕೊಳ್ಳುವಷ್ಟು ಪ್ರಮಾಣ. ದಿನವೂ ಹಣ್ಣು ತರಕಾರಿ ತಿನ್ನುವವರಿಗೆ ಅದು ಸಿಗುತ್ತಿರುತ್ತದೆ. ಅದರಾಚೆಗೆ ಮಾತ್ರೆ ನುಂಗಿದಷ್ಟೂ ಲಾಭ ಎಂಬ ತೀರ್ಮಾನಕ್ಕೆ ಈ ಅಧ್ಯಯನದಲ್ಲಿ ಆಧಾರವಿಲ್ಲ.

ಹಾಗಾದರೆ ರೋಗಿಗಳಲ್ಲಿ ಏನಾಯಿತು? ದೊಡ್ಡ ಪರೀಕ್ಷೆ ನಡೆದದ್ದು ಚೀನಾದಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ್ದ 442 ರೋಗಿಗಳಲ್ಲಿ ಒಂದು ಗುಂಪಿಗೆ ಕಿಮೋಥೆರಪಿ ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ಪ್ರತಿ ಸರದಿಯ ಮೊದಲ ಮೂರು ದಿನ ದೇಹತೂಕದ ಕಿಲೋಗೆ 1.5 ಗ್ರಾಂ ವಿಟಮಿನ್ ಸಿ ಡ್ರಿಪ್ ಕೊಡಲಾಯಿತು. ಅರವತ್ತು ಕಿಲೋ ತೂಗುವವರಿಗೆ ಅದು ದಿನಕ್ಕೆ 90 ಗ್ರಾಂ. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರೋಗ ಮತ್ತೆ ಮುಂದುವರಿಯುವವರೆಗಿನ ಮಧ್ಯಮ ಅವಧಿ (ಅರ್ಧದಷ್ಟು ರೋಗಿಗಳು ದಾಟಿದ ಗಡಿ) ವಿಟಮಿನ್ ಸಿ ಪಡೆದವರಲ್ಲಿ 8.6 ತಿಂಗಳು, ಪಡೆಯದವರಲ್ಲಿ 8.3 ತಿಂಗಳು, ಅಂದರೆ ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಆರ್‌ಎಎಸ್ (ಕೆಆರ್‌ಎಎಸ್ ಸೇರಿರುವ ಜೀನುಗಳ ಬಳಗ) ಮ್ಯುಟೇಷನ್ ಇದ್ದವರನ್ನು ಮಾತ್ರ ಪ್ರತ್ಯೇಕಿಸಿ ನೋಡಿದಾಗ ಆ ಅವಧಿ 9.2 ಮತ್ತು 7.8 ತಿಂಗಳಾಗಿತ್ತು. ಯುನ್ ಅವರ ಪ್ರಯೋಗಾಲಯದ ಕೆಲಸ ಕೊಟ್ಟ ಮುನ್ಸೂಚನೆ ಇದೇ ದಿಕ್ಕಿನಲ್ಲಿದ್ದುದರಿಂದ ಈ ಅಂಕಿ ಕುತೂಹಲಕರ. ಆದರೆ ಇಡೀ ಪರೀಕ್ಷೆ ಸೋತ ಮೇಲೆ ಅದರ ಒಂದು ತುಂಡಿನಲ್ಲಿ ಕಂಡ ಗೆಲುವನ್ನು ಗೆಲುವೆಂದು ಎಣಿಸುವ ರೂಢಿ ವೈದ್ಯವಿಜ್ಞಾನದಲ್ಲಿಲ್ಲ. ಆ ಮ್ಯುಟೇಷನ್ ಇರುವವರನ್ನಷ್ಟೇ ಸೇರಿಸಿಕೊಂಡು ಹೊಸದಾಗಿ ಪರೀಕ್ಷಿಸಿದಾಗಲೇ ಅದಕ್ಕೆ ಬೆಲೆ.

ಇನ್ನೊಂದು ಫಲಿತಾಂಶ ಅಯೋವಾದಿಂದ 2024ರಲ್ಲಿ ಬಂತು. ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 34 ಮಂದಿಯಲ್ಲಿ ಕಿಮೋಥೆರಪಿ ಮಾತ್ರ ಪಡೆದವರ ಮಧ್ಯಮ ಬದುಕುಳಿವು 8.3 ತಿಂಗಳಾದರೆ, ಅದರೊಡನೆ ವಾರಕ್ಕೆ ಮೂರು ಸಲ 75 ಗ್ರಾಂ ವಿಟಮಿನ್ ಸಿ ಪಡೆದವರದು 16 ತಿಂಗಳು. ಇಷ್ಟು ಕಠಿಣವಾದ ಕ್ಯಾನ್ಸರಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಆದರೆ ಮೂವತ್ತನಾಲ್ಕು ಮಂದಿಯನ್ನು ಎರಡು ಗುಂಪುಗಳಾಗಿ ಹಂಚಿದಾಗ ನಾಲ್ಕಾರು ಮಂದಿಯ ಅದೃಷ್ಟವೇ ಆ ಅಂಕಿಯನ್ನು ಎಳೆದುಬಿಡಬಹುದು. ರೋಗಿಗೂ ವೈದ್ಯರಿಗೂ ಯಾರಿಗೆ ಏನು ಸಿಗುತ್ತಿದೆ ಎಂಬುದು ತಿಳಿದಿತ್ತು ಎಂಬುದನ್ನೂ ಗಮನದಲ್ಲಿಡಬೇಕು. ಕೆಆರ್‌ಎಎಸ್ ಮ್ಯುಟೇಷನ್ ಹೆಚ್ಚಾಗಿರುವ ಕ್ಯಾನ್ಸರಿನಲ್ಲೇ ಈ ಆಶಾದಾಯಕ ಫಲಿತಾಂಶ ಬಂದಿರುವುದು ಕಾಕತಾಳೀಯವೋ ಅಲ್ಲವೋ ಎಂಬುದು ನೂರಾರು ರೋಗಿಗಳ ಪರೀಕ್ಷೆಯಿಂದ ತಿಳಿಯಬೇಕಾದ ವಿಷಯ. ಅಮೆರಿಕದ ಔಷಧ ನಿಯಂತ್ರಕರು ವಿಟಮಿನ್ ಸಿ ಚುಚ್ಚುಮದ್ದಿಗೆ 2017ರಲ್ಲಿ ಒಪ್ಪಿಗೆ ಕೊಟ್ಟದ್ದು ಸ್ಕರ್ವಿಗೆ, ಕ್ಯಾನ್ಸರಿಗಲ್ಲ.

ಈ ನಡುವೆ ಮೈಬಣ್ಣ ತಿಳಿಯಾಗುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ನಗರಗಳ ಕೆಲವು ಕ್ಲಿನಿಕ್ಕುಗಳಲ್ಲಿ ಗ್ಲುಟಾಥಯೋನ್ ಮತ್ತು ವಿಟಮಿನ್ ಸಿ ಬೆರೆಸಿದ ಡ್ರಿಪ್ ಕೊಡುವ ವ್ಯಾಪಾರ ಬೆಳೆದಿದೆ. ಅದೇ ಮಿಶ್ರಣ ಕ್ಯಾನ್ಸರಿಗೂ ಒಳ್ಳೆಯದೆಂದು ಯಾರಾದರೂ ಹೇಳಿದರೆ, ಮೇಲೆ ವಿವರಿಸಿದ ಕ್ರಿಯೆಯನ್ನು ಅವರು ಓದಿಲ್ಲವೆಂದೇ ತಿಳಿಯಬೇಕು. ಗ್ಲುಟಾಥಯೋನ್ ಬರಿದಾಗುವುದರಿಂದ ಸಾಯುವ ಕೋಶಕ್ಕೆ ಗ್ಲುಟಾಥಯೋನನ್ನೇ ಹನಿಸುವುದರಲ್ಲಿ ಅರ್ಥವಿಲ್ಲ. ಚಿಕಿತ್ಸೆಯಲ್ಲಿರುವವರಿಗೆ ಇನ್ನೂ ಕೆಲವು ತೊಡಕುಗಳಿವೆ. ಮಲ್ಟಿಪಲ್ ಮೈಲೋಮ ಎಂಬ ರಕ್ತದ ಕ್ಯಾನ್ಸರಿಗೆ ಕೊಡುವ ಬೋರ್ಟೆಜೋಮಿಬ್ ಔಷಧಕ್ಕೆ ವಿಟಮಿನ್ ಸಿ ಅಂಟಿಕೊಂಡು ಅದರ ಪರಿಣಾಮವನ್ನು ಕುಂದಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡಿದೆ. ವಿಟಮಿನ್ ಸಿಯ ಒಂದು ಪಾಲು ದೇಹದಲ್ಲಿ ಆಕ್ಸಲೇಟ್ ಆಗುವುದರಿಂದ ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಅದರ ಹರಳುಗಳು ಕಟ್ಟಿ ಮೂತ್ರಪಿಂಡವೇ ಕೈಕೊಡಬಹುದು. ಬೆರಳಿನ ತುದಿಯ ರಕ್ತದಿಂದ ಸಕ್ಕರೆ ನೋಡುವ ಮನೆಯ ಮೀಟರುಗಳಲ್ಲಿ ಹಲವು ವಿಟಮಿನ್ ಸಿಯನ್ನೇ ಗ್ಲೂಕೋಸೆಂದು ಎಣಿಸಿ ಹೆಚ್ಚಿನ ಅಂಕಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡ ಮಧುಮೇಹಿಯ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು.

ಎಲ್ಲಕ್ಕಿಂತ ಗಂಭೀರವಾದ ಅಪಾಯ ಜಿ6ಪಿಡಿ ಕಿಣ್ವದ ಕೊರತೆಯಿರುವವರದು. ಆನುವಂಶಿಕವಾದ ಈ ಕೊರತೆ ಭಾರತದಲ್ಲಿ ಅಪರೂಪವಲ್ಲ. ಕೆಲವು ಸಮುದಾಯಗಳಲ್ಲಿ, ಅದರಲ್ಲೂ ಗಂಡಸರಲ್ಲಿ, ಹೆಚ್ಚಾಗಿ ಕಾಣುತ್ತದೆ. ಬಹಳಷ್ಟು ಮಂದಿಗೆ ತಮಗೆ ಅದಿದೆಯೆಂಬುದೇ ತಿಳಿದಿರುವುದಿಲ್ಲ. ಪೆಂಟೋಸ್ ಫಾಸ್ಫೇಟ್ ದಾರಿಯ ಮೊದಲ ಹೆಜ್ಜೆಯನ್ನು ನಡೆಸಿ ಎನ್‌ಎಡಿಪಿಎಚ್ ಒದಗಿಸುವ ಕಿಣ್ವವೇ ಜಿ6ಪಿಡಿ. ಮೈಟೊಕಾಂಡ್ರಿಯಗಳಿಲ್ಲದ ಕೆಂಪು ರಕ್ತಕಣಕ್ಕೆ ಗ್ಲುಟಾಥಯೋನನ್ನು ಮರಳಿ ತುಂಬಿಕೊಳ್ಳಲು ಬೇರೆ ದಾರಿಯಿಲ್ಲ. ಮನುಷ್ಯನ ಕೆಂಪು ರಕ್ತಕಣದ ಹೊರಪೊರೆಯಲ್ಲಿ ಗ್ಲೂಟ್-1 ಕ್ಯಾನ್ಸರ್ ಕೋಶದಲ್ಲಿರುವಂತೆಯೇ ದಟ್ಟವಾಗಿದೆ, ಡಿಎಚ್‌ಎಯನ್ನು ಅದೂ ಹಾಗೆಯೇ ಒಳಗೆಳೆದುಕೊಳ್ಳುತ್ತದೆ. ಕಿಣ್ವ ಸರಿಯಿದ್ದವರಲ್ಲಿ ಆ ಹೊರೆಯನ್ನು ರಕ್ತಕಣ ತಾಳಿಕೊಳ್ಳುತ್ತದೆ. ಕೊರತೆಯಿದ್ದವರಲ್ಲಿ ಕ್ಯಾನ್ಸರ್ ಕೋಶಕ್ಕೆ ಬಗೆದ ಗತಿಯೇ ರಕ್ತಕಣಗಳಿಗೂ ಬಂದು ಅವು ಗುಂಪುಗುಂಪಾಗಿ ಒಡೆಯುತ್ತವೆ. ಈ ಕಾರಣದಿಂದ, ಗ್ರಾಂಗಟ್ಟಲೆ ವಿಟಮಿನ್ ಸಿ ಹರಿಸುವ ಅಧ್ಯಯನಗಳಲ್ಲಿ ಮೊದಲ ಡ್ರಿಪ್ಪಿಗೂ ಮುನ್ನವೇ ಜಿ6ಪಿಡಿ ಪರೀಕ್ಷೆ ಮಾಡಿ, ಕೊರತೆ ಕಂಡವರನ್ನು ಕೈಬಿಡಲಾಗುತ್ತದೆ.